ಐರನ್ ಸುಕ್ರೋಸ್ ಇಂಜೆಕ್ಷನ್: ಡಯಾಲಿಸಿಸ್‌ನವರಿಗೆ ಒಗ್ಗುವ ಔಷಧ, ಎಡವುವುದು ಕೊಡುವ ರೀತಿಯಲ್ಲಿ

ಐರನ್ ಸುಕ್ರೋಸ್ ಎಂದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್: 5 ಮಿ.ಲೀ. ಆಂಪೂಲ್, ಒಳಗೆ ಕಡುಕಂದು ದ್ರವ, ಅದರಲ್ಲಿ 100 ಮಿ.ಗ್ರಾಂ. ಕಬ್ಬಿಣಾಂಶ. ಹೀಮೋಡಯಾಲಿಸಿಸ್ (ಯಂತ್ರದಲ್ಲಿ ರಕ್ತ ಶುದ್ಧಿ) ಮಾಡಿಸಿಕೊಳ್ಳುವವರಿಗೆ ಮಾತ್ರೆಗಿಂತ ಇದೇ ವಾಸಿ. ಫಿಲ್ಟರಿನಲ್ಲಿ ಉಳಿಯುವ ರಕ್ತ, ಪದೇಪದೇ ತೆಗೆಯುವ ಸ್ಯಾಂಪಲ್ ಎಲ್ಲ ಸೇರಿ ವರ್ಷಕ್ಕೆ 1ರಿಂದ 3 ಗ್ರಾಂ ಕಬ್ಬಿಣ ಸೋರಿಹೋಗುತ್ತದೆ. ಮಾತ್ರೆ ಅಷ್ಟನ್ನು ತುಂಬಿಕೊಡಲಾರದು. ಕಿಡ್ನಿ ಸೋತವರಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿದ್ದು, ಕರುಳು ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಊಟದ ಜೊತೆಗಿನ ಕ್ಯಾಲ್ಸಿಯಂ ಮಾತ್ರೆ ಇನ್ನಷ್ಟು ಅಡ್ಡ ಬರುತ್ತದೆ. ಎಷ್ಟೋ ಜನರಿಗೆ ಕೊನೆಗೆ ದಕ್ಕುವುದು ಮಲಬದ್ಧತೆಯಷ್ಟೇ.

ರೂಢಿಯ ಕೋರ್ಸ್ 1000 ಮಿ.ಗ್ರಾಂ.: ಸತತ 10 ಡಯಾಲಿಸಿಸ್, ಪ್ರತಿಸಲ ಒಂದು ಆಂಪೂಲ್. ಬೆರೆಸದೆ ಕೊಟ್ಟರೆ 2ರಿಂದ 5 ನಿಮಿಷ. ಹೆಚ್ಚೆಂದರೆ 100 ಮಿ.ಲೀ. ನಾರ್ಮಲ್ ಸಲೈನ್‌ಗೆ ಹಾಕಿದರೆ ಕನಿಷ್ಠ 15 ನಿಮಿಷ. ಸಲೈನ್ ಬಿಟ್ಟು ಬೇರೆ ಯಾವುದರಲ್ಲೂ ಬೆರೆಸಬಾರದು. ಅವಸರದಲ್ಲಿ ತಳ್ಳಿದರೆ ಬಿಪಿ ಕುಸಿತ, ವಾಕರಿಕೆ, ಸ್ನಾಯು ಸೆಳೆತ. ಇದನ್ನು ಮೊದಲ ಗಂಟೆಯೊಳಗೆ ಮುಗಿಸುವುದು ಲೇಸು: ಕೊನೆಯಲ್ಲಿ ಕೊಟ್ಟಾಗ ಬಿಪಿ ಇಳಿದರೆ, ನೀರು ಹೆಚ್ಚು ತೆಗೆದದ್ದಕ್ಕೋ ಕಬ್ಬಿಣಕ್ಕೋ ಹೇಳುವುದು ಕಷ್ಟ. ಬಾಯಲ್ಲಿ ಲೋಹದ ರುಚಿ ಬಂದರೆ ಗಾಬರಿ ಬೇಡ, ಹೋಗುತ್ತದೆ. ಇನ್ನೊಂದು ಕಬ್ಬಿಣದ ಇಂಜೆಕ್ಷನ್ ಆದ ಐರನ್ ಡೆಕ್ಸ್‌ಟ್ರಾನ್‌ನಷ್ಟು ಅಲರ್ಜಿಯ ಭಯವಿಲ್ಲ. ಆದರೂ ಕೊಟ್ಟಮೇಲೆ 30 ನಿಮಿಷ ಕಣ್ಣಿಟ್ಟಿರಬೇಕು.

ನಿಜವಾದ ಎಡವಟ್ಟು ಲ್ಯಾಬ್ ರಿಪೋರ್ಟ್ ಓದುವಾಗ. ಡೋಸ್ ಆದ ಕೂಡಲೇ ರಕ್ತ ತೆಗೆದರೆ ಅಂಕಿಗಳು ಸುಳ್ಳೇ ಉಬ್ಬಿರುತ್ತವೆ; ಒಂದು ವಾರವಾದರೂ ಕಾಯಬೇಕು. ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ) ಒಂದನ್ನೇ ನಂಬುವುದೂ ತಪ್ಪು, ಸೋಂಕು ಅಥವಾ ಉರಿಯೂತವಿದ್ದರೆ ಅದು ತಾನಾಗಿ ಏರುತ್ತದೆ. ಫೆರಿಟಿನ್ 600, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) 15% ಎಂದರೆ ಕಬ್ಬಿಣ ಉಗ್ರಾಣದಲ್ಲಿದೆ, ರಕ್ತ ತಯಾರಾಗುವ ಮೂಳೆಮಜ್ಜೆಗೆ ತಲುಪುತ್ತಿಲ್ಲ. ಅಂಥಲ್ಲಿ ಮೊದಲು ಕ್ಯಾತಿಟರ್ (ಡಯಾಲಿಸಿಸ್‌ಗೆ ಹಾಕಿದ ಕೊಳವೆ) ಸೋಂಕನ್ನು ಹುಡುಕಬೇಕು. ಜ್ವರ, ಸೋಂಕು ಇರುವಾಗ ಇಂಜೆಕ್ಷನ್ ತಡೆಹಿಡಿಯುವುದೇ ಕ್ಷೇಮ.

ಹಾಗೆಂದು ಅತಿಯಾಗಿ ಹೆದರಿ ಕಡಿಮೆ ಕೊಡುವುದೂ ಜಾಣತನವಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಿವೋಟಲ್ ಅಧ್ಯಯನದಲ್ಲಿ ಒಂದು ಗುಂಪಿಗೆ ತಿಂಗಳಿಗೆ 400 ಮಿ.ಗ್ರಾಂ. ಕೊಟ್ಟು, ಫೆರಿಟಿನ್ 700 ದಾಟಿದರೆ ಅಥವಾ ಸ್ಯಾಚುರೇಶನ್ 40% ಮುಟ್ಟಿದರೆ ನಿಲ್ಲಿಸಿದರು. ಕೊರತೆ ಕಂಡಮೇಲಷ್ಟೇ ಕೊಟ್ಟ ಗುಂಪಿಗಿಂತ ಇವರಿಗೆ ಎರಿತ್ರೋಪೊಯಿಟಿನ್ (ರಕ್ತ ಉತ್ಪತ್ತಿ ಹೆಚ್ಚಿಸುವ ಇಂಜೆಕ್ಷನ್) ಕಡಿಮೆ ಸಾಕಾಯಿತು. ಸಾವು ಮತ್ತು ಹೃದಯದ ತೊಂದರೆಗಳೂ ಕಡಿಮೆಯಾದವು.

ಕಬ್ಬಿಣ ಸಾಕಷ್ಟಿದ್ದೂ ಹಿಮೋಗ್ಲೋಬಿನ್ ಏರದಿದ್ದರೆ ಇನ್ನೊಂದು ಆಂಪೂಲ್ ಒಡೆಯುವ ಮುನ್ನ ಪ್ಯಾರಾಥೈರಾಯ್ಡ್ ಹಾರ್ಮೋನ್, ಬಿ12, ಮಲದಲ್ಲಿ ರಕ್ತ ಇವನ್ನು ಪರೀಕ್ಷಿಸಬೇಕು.