ಬಾಯಿ ಬಿಡದ ಜಪಾನಿ ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್: ಆನ್‌ಲೈನ್, ಕರುತಾ, ಫೋನಿಕ್ಸ್, ಏಕೆನ್

ಟೋಕಿಯೊದ ನಿಶಿ-ಕಸಾಯಿಯಲ್ಲಿ ಭಾರತೀಯರು ಜಾಸ್ತಿ. ಹಾಗಾಗಿ ಅಕ್ಕಪಕ್ಕದ ಜಪಾನಿ ಅಮ್ಮಂದಿರು "ನಿಮಗೆ ಇಂಗ್ಲಿಷ್ ಬರುತ್ತಲ್ಲ, ನಮ್ಮ ಮಗುವಿಗೂ ಸ್ವಲ್ಪ ಹೇಳಿಕೊಡಿ" ಅನ್ನುವುದು ಇಲ್ಲಿ ಮಾಮೂಲು. 2020ರ ಏಪ್ರಿಲ್‌ನಿಂದ ಇಲ್ಲಿನ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಗ್ರೇಡ್ ಬರುವ ವಿಷಯವಾಗಿದೆ. 3, 4ಕ್ಕೆ ಬರೀ ಆಟಪಾಟ. ಅಮ್ಮಂದಿರಿಗೆ ಆತಂಕ, ಮಕ್ಕಳಿಗೆ ಬೇಸರ. ಈಜು, ಸೊರೊಬಾನ್ (ಮಣಿಚೌಕಟ್ಟಿನ ಲೆಕ್ಕ) ಮುಗಿಸಿ ನಮ್ಮ ಊಟದ ಮೇಜಿನ ಮುಂದೆ ಬಂದು ಕೂರುವ ಮಕ್ಕಳಲ್ಲಿ ಇಷ್ಟಪಟ್ಟು ಬಂದವರು ಯಾರೂ ಇಲ್ಲ. ಅವರ ಮೇಲೆ ನಾಲ್ಕು ದಾರಿ ಪ್ರಯೋಗಿಸಿ ನೋಡಿದ್ದೇನೆ.

ಆನ್‌ಲೈನ್ ಸಂಭಾಷಣೆಯ ಕ್ಲಾಸನ್ನು ಬೇಗ ಮುಗಿಸಿಬಿಡುತ್ತೇನೆ. ಸಾಮಾನ್ಯವಾಗಿ 25 ನಿಮಿಷ, ಆ ಕಡೆ ಫಿಲಿಪ್ಪೀನ್ಸ್‌ನ ಟೀಚರ್. ಟೀಚರುಗಳೇನೋ ಒಳ್ಳೆಯವರೇ. ಆದರೆ ತಪ್ಪಾದರೆ ನಾಚಿಕೆ ಅಂತ ತುಟಿ ಬಿಗಿದ ಮಗುವಿಗೆ, ಪರದೆಯಲ್ಲೊಂದು ಮುಖ ತನ್ನ ಉತ್ತರಕ್ಕೇ ಕಾಯುತ್ತಿದೆ ಅನ್ನುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಪಕ್ಕದಲ್ಲಿ ಅಮ್ಮ ಪಿಸುಗುಟ್ಟುತ್ತಾಳೆ, ಮಗು ಒಪ್ಪಿಸುತ್ತದೆ. ಕಲಿಯುವುದು ಅಮ್ಮ.

ಕರುತಾ ಇದಕ್ಕೆ ತದ್ವಿರುದ್ಧ. ಚಿತ್ರದ ಕಾರ್ಡುಗಳನ್ನು ನೆಲದ ಮೇಲೆ ಹರಡಿ ಒಬ್ಬರು ಓದುವುದು, ಮೊದಲು ಕೈ ಬಡಿದವರಿಗೆ ಕಾರ್ಡು. ಹೊಸ ವರ್ಷದ ರಜೆಯಲ್ಲಿ ಆಡಿ ಬಲ್ಲ ಆಟವಾದ್ದರಿಂದ ನಿಯಮ ವಿವರಿಸುವ ಗೋಜಿಲ್ಲ. ಇಂಗ್ಲಿಷ್ ಪದಗಳ ಕಾರ್ಡು ನೂರು ಯೆನ್ ಅಂಗಡಿಯಲ್ಲೇ ಸಿಗುತ್ತದೆ, ತೆರಿಗೆ ಸೇರಿ 110. ಕೆಲವದರಲ್ಲಿ ಚಿತ್ರದ ಕೆಳಗೆ ಕತಕನ ಎಂಬ ಜಪಾನಿ ಲಿಪಿಯಲ್ಲಿ ಉಚ್ಚಾರ ಅಚ್ಚಾಗಿರುತ್ತದೆ. ಅದರ ಮೇಲೆ ಬಿಳಿ ಟೇಪು ಅಂಟಿಸಿ, ಇಲ್ಲದಿದ್ದರೆ ಕಿವಿಗೆ ಕೆಲಸವೇ ಇರುವುದಿಲ್ಲ. ಈ ಆಟದಲ್ಲಿ ಮಗು ಬಾಯಿ ತೆರೆಯಬೇಕಾಗಿಲ್ಲ. ನಮ್ಮಲ್ಲಿಗೆ ಬರುವ 2ನೇ ತರಗತಿಯ ಹುಡುಗಿಯೊಬ್ಬಳು ಗುಡ್ ಮಾರ್ನಿಂಗ್ ಕೂಡ ಹೇಳದವಳು, ನಾನು "ಫ್ರಾ..." ಅನ್ನುವಷ್ಟರಲ್ಲಿ ಕಪ್ಪೆಯ ಮೇಲೆ ಅಂಗೈ ಬಡಿದಿರುತ್ತಿದ್ದಳು. ಆಮೇಲೆ ರಾಕ್ ಮತ್ತು ಲಾಕ್, ಕಲ್ಲು ಮತ್ತು ಬೀಗದ ಚಿತ್ರ ನಾನೇ ಬರೆದು ಅಕ್ಕಪಕ್ಕ ಇಟ್ಟೆ. ರ, ಲ ವ್ಯತ್ಯಾಸ ಜಪಾನಿ ಕಿವಿಗೆ ಕಷ್ಟ. ಆದರೆ ಕಾರ್ಡು ಕೈತಪ್ಪುತ್ತದೆ ಅಂದಾಗ ಮಕ್ಕಳು ಎಷ್ಟು ಗಮನಕೊಟ್ಟು ಕೇಳುತ್ತಾರೆ ನೋಡಬೇಕು! ತಪ್ಪು ಕಾರ್ಡು ಮುಟ್ಟಿದರೆ ಒಂದು ಸರದಿ ಆಟವಿಲ್ಲ ಅನ್ನುವ 'ಒತೆತ್ಸುಕಿ' ನಿಯಮವನ್ನು ಮಾತ್ರ ಕೈಬಿಡಿ. ಅದಿದ್ದರೆ ಅಂಜುವ ಮಗು ಮತ್ತೆ ಕೈಕಟ್ಟಿ ಕೂರುತ್ತದೆ.

ಕರುತಾದ ಮಿತಿ ಅಂದರೆ ಓದು ಬರುವುದಿಲ್ಲ. ಅಲ್ಲಿಗೆ ಫೋನಿಕ್ಸ್, ಅಂದರೆ ಅಕ್ಷರಗಳ ಧ್ವನಿ ಕೂಡಿಸಿ ಓದುವ ವಿಧಾನ ಬೇಕು. ಎಸ್, ಎ, ಟಿ, ಐ, ಪಿ, ಎನ್ ಈ ಆರರಿಂದ ಶುರುಮಾಡಿದರೆ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಲ್ಲ ಬೇಗ ಕೈಗೆ ಬರುತ್ತವೆ. ಕೊನೆಯ ವ್ಯಂಜನವನ್ನು ಸ್ವರವಿಲ್ಲದೆ ನಿಲ್ಲಿಸುವುದೇ ಕಷ್ಟ. ಬಸ್ಸು, ಬುಕ್ಕು ಅಂತ ಉಕಾರ ಅಂಟಿಸುವ ನಮಗೆ, 'ಬಸು', 'ಬುಕ್ಕು' ಅನ್ನುವ ಅವರನ್ನು ನೋಡಿ ನಗುವ ಹಕ್ಕಿಲ್ಲ ಬಿಡಿ. ನಿಜವಾದ ಅಡ್ಡಿ 3ನೇ ತರಗತಿಯಲ್ಲಿ ಶಾಲೆ ರೋಮಾಜಿ, ಅಂದರೆ ಜಪಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಕಲಿಸಲು ಶುರುಮಾಡಿದಾಗ. ಅದೇ ಲಿಪಿ, ಬೇರೆ ಲೆಕ್ಕ. ನೇಮ್ ಅನ್ನುವುದನ್ನು 'ನಾಮೆ' ಅಂತ ಓದುತ್ತಾರೆ. ಸೇಮ್ 'ಸಾಮೆ' ಆಗುತ್ತದೆ, ಅದು ಜಪಾನಿಯಲ್ಲಿ ಶಾರ್ಕ್ ಮೀನು, ಮೇಜಿನ ಸುತ್ತ ಒಂದೇ ನಗು. ಶಾಲೆಗಳು ಬಹುಕಾಲ ಕಲಿಸುತ್ತ ಬಂದ ಪದ್ಧತಿಯಲ್ಲಿ ಟಿ, ಐ ಸೇರಿದರೆ 'ಚಿ'. ಹಾಗಾಗಿ ಟಿನ್ 'ಚಿನ್' ಆಗುತ್ತದೆ. ಆದ್ದರಿಂದ ಫೋನಿಕ್ಸನ್ನು 2ನೇ ತರಗತಿಯಲ್ಲೇ ಗಟ್ಟಿಮಾಡಿ. ತಡವಾಯಿತೋ, ರೋಮಾಜಿ ನಡೆಯುವ ತಿಂಗಳುಗಳಲ್ಲಿ ಕರುತಾವನ್ನೇ ಮುಂದುವರಿಸಿ, ಓದಿಗೆ ಆಮೇಲೆ ಮರಳಿ. ಎರಡನ್ನೂ ಒಟ್ಟಿಗೆ ಕಲಿಯುವ ಮಗು ಯಾವುದನ್ನೂ ನಂಬುವುದಿಲ್ಲ.

ಉಳಿದದ್ದು ಏಕೆನ್ ಎಂಬ, ಜಪಾನಿನ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಅಭ್ಯಾಸ ಪುಸ್ತಕ. ಸುಲಭದ 5ನೇ ದರ್ಜೆ ಕೂಡ ಜೂನಿಯರ್ ಹೈಸ್ಕೂಲಿನ ಮೊದಲ ವರ್ಷದ ಮಟ್ಟದ್ದು. ಅಮ್ಮಂದಿರಿಗೆ ಇದೇ ಪ್ರಿಯ, ಸರ್ಟಿಫಿಕೇಟ್ ಸಿಗುತ್ತದಲ್ಲ. ಒಲ್ಲದ ಚಿಕ್ಕ ಮಕ್ಕಳಿಗೆ ನಾನಂತೂ ಕೊಡುವುದಿಲ್ಲ: ಈ ದರ್ಜೆಯಲ್ಲಿ ಮಾತಿನ ಪರೀಕ್ಷೆ ಬೇರೆಯೇ, ಅದರ ಅಂಕ ಪಾಸು-ಫೇಲಿಗೆ ಸೇರುವುದಿಲ್ಲ, ಬಾಯಿ ಬಿಡದೆಯೇ ಪಾಸಾಗಬಹುದು. ಆದರೆ 4ನೇ ತರಗತಿಯ ಹುಡುಗನೊಬ್ಬನಿಗೆ ಇದೇ ಹಿಡಿಸಿಬಿಟ್ಟಿತು. ಕರುತಾದಲ್ಲಿ ಪ್ರತಿ ಸಲ ತಂಗಿಯೇ ಗೆಲ್ಲುತ್ತಾಳಂತೆ, ಪುಸ್ತಕದಲ್ಲಾದರೆ ಆ ಕಾಟವಿಲ್ಲ.