ಹಳೇ ಸರ್ವರ್ ಕಾರ್ಡ್: 9260 ತಗೊಳ್ಳಬೇಕಾ, 9211 ಸಾಕಾ?

ಉಡುಪಿಯ ಮದುವೆ ವೀಡಿಯೊ ಸ್ಟುಡಿಯೊ ಇರಲಿ, ಮಂಗಳೂರಿನ ಸಣ್ಣ ಆಫೀಸ್ ಇರಲಿ, ಆರೆಂಟು ಹಾರ್ಡ್ ಡಿಸ್ಕ್ ಒಂದೇ ಕಂಪ್ಯೂಟರಿಗೆ ಹಾಕಲು ಹೊರಟರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಲ್‌ಎಸ್‌ಐ ಕಂಪನಿಯ 9260-8ಐ, 9211-8ಐ ಎರಡೂ ಡಿಸ್ಕ್ ಜೋಡಿಸುವ ಕಾರ್ಡ್‌ಗಳು. ಎರಡರಲ್ಲೂ ತಲಾ ಎರಡು ಎಸ್‌ಎಫ್‌ಎಫ್-8087 ಸಾಕೆಟ್ (ಒಂದೊಂದಕ್ಕೆ ನಾಲ್ಕು ಡಿಸ್ಕ್), ನೇರವಾಗಿ ಎಂಟು ಡಿಸ್ಕ್. ಕೆಲಸ ಮಾತ್ರ ಬೇರೆ.

9260 ಅಪ್ಪಟ ರೇಡ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ನಡೆಸುವಂಥದ್ದು. ಲೆಕ್ಕವೆಲ್ಲ ಅದರದ್ದೇ, 512 ಎಂಬಿ ಕ್ಯಾಶ್ (ಡೇಟಾ ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿ) ಬೇರೆ. ವಿಂಡೋಸ್‌ಗೆ ಒಂದೇ ದೊಡ್ಡ ಡ್ರೈವ್ ಕಾಣುತ್ತದೆ, ಆರಾಮ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ ಅಲ್ವಾ? ಕ್ಯಾಶ್‌ಗೆ ಬ್ಯಾಟರಿ ಬೇಕು. ಬ್ಯಾಟರಿ ಸತ್ತರೆ ಕಾರ್ಡ್ ಸಾಮಾನ್ಯವಾಗಿ ರೈಟ್-ಥ್ರೂಗೆ (ಕ್ಯಾಶ್ ನಂಬದೆ ಡಿಸ್ಕಿಗೆ ಬರೆದ ಮೇಲೇ ಕೆಲಸ ಮುಗಿಯಿತು ಅನ್ನುವ ವಿಧಾನ) ಇಳಿಯುತ್ತದೆ, ಬರೆಯುವ ವೇಗ ಕುಸಿಯುತ್ತದೆ. ಡಿಸ್ಕ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಹೊಸದು ತರಬೇಡಿ. ಕಾರ್ಡೇ ಹೋದರೆ ಹೊಂದಿಕೆಯಾಗುವ ಇನ್ನೊಂದನ್ನು ಹುಡುಕಬೇಕು, ಅದು ದೊಡ್ಡ ತಲೆನೋವು.

9211ಗೆ ಐಟಿ ಮೋಡ್ ಫರ್ಮ್‌ವೇರ್ (ರೇಡ್ ಇಲ್ಲದೆ ಡಿಸ್ಕ್‌ಗಳನ್ನು ಹಾಗೇ ದಾಟಿಸುವ, ಕಾರ್ಡಿನೊಳಗಿನ ಸಾಫ್ಟ್‌ವೇರ್) ಹಾಕಿದರೆ ಡಿಸ್ಕ್‌ಗಳು ಇದ್ದ ಹಾಗೇ ಕಾಣುತ್ತವೆ. ಡಿಸ್ಕ್‌ಗಳನ್ನು ಸಾಫ್ಟ್‌ವೇರಿನಲ್ಲೇ ಒಗ್ಗೂಡಿಸುವ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್‌ಗೆ ಬೇಕಿರುವುದೇ ಇದು. ಕಾರ್ಡ್ ಸತ್ತರೂ ಸಾಟಾ ಡಿಸ್ಕ್‌ಗಳನ್ನು ಮದರ್‌ಬೋರ್ಡಿಗೇ ಸಿಕ್ಕಿಸಿ ಪೂಲ್ (ಝಡ್‌ಎಫ್‌ಎಸ್ ಕಟ್ಟಿದ ಡಿಸ್ಕ್‌ಗಳ ಗುಂಪು) ಇಂಪೋರ್ಟ್ ಮಾಡಬಹುದು. ನನ್ನ ಓಟು ಇದಕ್ಕೇ. ವಿಂಡೋಸ್ ಬಿಟ್ಟು ಬೇರೇನೂ ಬೇಡ ಅನ್ನುವವರು ಮಾತ್ರ 9260 ನೋಡಿ, ಬ್ಯಾಟರಿ ಚೆಕ್ ಮಾಡಿಯೇ ತಗೊಳ್ಳಿ.

ಡಿಸ್ಕ್ ಕಾಣದಿದ್ದರೆ ಮೊದಲು ಕೇಬಲ್ ನೋಡಿ. ಒಂದು ಸಾಕೆಟನ್ನು ನಾಲ್ಕು ತುದಿಗೆ ಒಡೆಯುವ ಬ್ರೇಕ್‌ಔಟ್ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಎರಡು ಬಗೆ, ನೋಡಲು ಒಂದೇ ತರ. ಕಾರ್ಡಿನಿಂದ ಸಾಟಾ ಡಿಸ್ಕಿಗೆ ಬೇಕಾದ್ದು ಫಾರ್ವರ್ಡ್. ಎರಡೂ ಕಾರ್ಡ್ ಸರ್ವರಿನ ಜೋರು ಗಾಳಿಗೆ ಮಾಡಿದವು. ಕರಾವಳಿಯ ಸೆಕೆಯಲ್ಲಿ ಹೀಟ್‌ಸಿಂಕ್ ಮೇಲೆ 40 ಎಂಎಂ ಫ್ಯಾನ್ ಕೂರಿಸಿ.