ಕೀತ್ ಪುಸ್ತಕವೋ, ಪಾಲ್ ಪೆಟ್ಟಿಗೆಯೋ?

ಹಳೇ ರಾಕ್ ಹಾಡುಗಳ ಹಿಂದಿನ ಕಥೆಯನ್ನು ಕಟ್ಟಿದವರ ಬಾಯಿಂದಲೇ ಕೇಳಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ರೋಲಿಂಗ್ ಸ್ಟೋನ್ಸ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರ ‘ಲೈಫ್’. 2010ರಲ್ಲಿ ಬಂದ ಪುಸ್ತಕ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ ‘ದಿ ಲಿರಿಕ್ಸ್’, ಪೆಟ್ಟಿಗೆಯಲ್ಲಿ ಬರುವ ಎರಡು ಸಂಪುಟ, ನೋಡಲು ಇದಕ್ಕಿಂತ ಚೆಂದ, ಬೆಲೆಯೂ ಜಾಸ್ತಿ. ಎರಡನ್ನೂ ಕೊಂಡು ಓದಿದ್ದೇನೆ. ‘ಲೈಫ್’ನ ಬೆನ್ನು ಕಿತ್ತುಹೋಗುವಷ್ಟು ತಿರುವಿಹಾಕಿದ್ದೇನೆ. ‘ದಿ ಲಿರಿಕ್ಸ್’ ಇನ್ನೂ ಹೊಸದರಂತೆಯೇ ಇದೆ.

ನನಗೆ ಗಿಟಾರ್ ಹುಚ್ಚು. ಹಾಡು ಯಾರಿಗಾಗಿ ಹುಟ್ಟಿತು ಅನ್ನುವುದಕ್ಕಿಂತ ಆ ಸದ್ದು ಹೇಗೆ ಬಂತು ಅನ್ನುವುದು ನನಗೆ ಮುಖ್ಯ. ಕೀತ್ ಅದನ್ನೇ ಹೇಳುತ್ತಾರೆ, ಅದೂ ಕೈ ಹಿಡಿದು ತೋರಿಸಿದ ಹಾಗೆ.

ಸ್ಟೋನ್ಸ್ ತಂಡದ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನ ಕಥೆ ನಿಮಗೂ ಗೊತ್ತಿರಬಹುದು. ರಾತ್ರಿ ಕೀತ್ ಹಾಸಿಗೆ ಪಕ್ಕ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರ್. ಬೆಳಿಗ್ಗೆ ನೋಡಿದರೆ ಹೊಸ ಕ್ಯಾಸೆಟ್ ಕೊನೆಯವರೆಗೂ ಓಡಿಬಿಟ್ಟಿದೆ. ಹಿಂದಕ್ಕೆ ತಿರುಗಿಸಿ ಕೇಳಿದರೆ ಆ ರಿಫ್ (ಹಾಡಿನುದ್ದಕ್ಕೂ ಮರಳಿ ಬರುವ ಗಿಟಾರ್ ತುಣುಕು) ಇದೆ, ಅದರ ಹಿಂದೆಯೇ 40 ನಿಮಿಷ ಗೊರಕೆ! ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗಿದ್ದು ಆಮೇಲಿನ ಭಾಗ. ನಾವು ಕೇಳುವ ಆ ಗೊರಗೊರ ಫಝ್ ಗಿಟಾರ್ ಬರೀ ಕರಡು ಪ್ರತಿಯಂತೆ. ಆ ಜಾಗದಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಬರಬೇಕು ಅನ್ನುವುದು ಕೀತ್ ಆಸೆಯಾಗಿತ್ತು. ಅಷ್ಟರಲ್ಲಿ ಹಾಡು ಹೊರಬಂದು 1965ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿಬಿಟ್ಟಿತು. ಅದೇ ವರ್ಷ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಇದೇ ಹಾಡನ್ನು ಊದುವ ವಾದ್ಯಗಳ ಜೊತೆ ಹಾಡಿದರು. ಎರಡನ್ನೂ ಒಂದಾದ ಮೇಲೊಂದು ಕೇಳಿ. ಕೀತ್ ತಲೆಯಲ್ಲಿ ಏನಿತ್ತು ಅಂತ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಐದು ತಂತಿಯ ವಿಷಯ. ಗಿಟಾರಿನ ದಪ್ಪ ಆರನೇ ತಂತಿಯನ್ನೇ ಬಿಚ್ಚಿ, ಉಳಿದವನ್ನು ಜಿ, ಡಿ, ಜಿ, ಬಿ, ಡಿ ಎಂದು ಶ್ರುತಿ ಮಾಡುವುದು. ಓದಿದ ಕೂಡಲೇ ನಾನೂ ನನ್ನ ಗಿಟಾರಿನ ತಂತಿ ಬಿಚ್ಚಿದೆ. ಐದನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಮೇಲೆ ತೋರುಬೆರಳನ್ನು ಅಡ್ಡ ಇಟ್ಟರೆ ಪೂರ್ತಿ ಸಿ ಮೇಜರ್. ಅದನ್ನು ಹಾಗೇ ಒತ್ತಿಕೊಂಡು ಬಿ ತಂತಿಯನ್ನು ಆರನೇ ಫ್ರೆಟ್ಟಿನಲ್ಲಿ, ದಪ್ಪ ಡಿ ತಂತಿಯನ್ನು (ನಾಲ್ಕನೆಯದು) ಏಳನೇ ಫ್ರೆಟ್ಟಿನಲ್ಲಿ ಒತ್ತಿ ಬಿಡಿ. ಸ್ಟೋನ್ಸ್ ತಂಡದ ‘ಸ್ಟಾರ್ಟ್ ಮಿ ಅಪ್’ ಮನೆಯಲ್ಲೇ ಮೊಳಗುತ್ತದೆ! ಎಷ್ಟೋ ವರ್ಷ ಮಾಮೂಲಿ ಶ್ರುತಿಯಲ್ಲಿ ತಿಣುಕಿದರೂ ಬಾರದ ಸದ್ದು ಅದು. ಬೇರೆ ಯಾವ ಸಂಗೀತಗಾರರ ನೆನಪಿನ ಪುಸ್ತಕವೂ ನನಗೆ ಇಂಥದ್ದನ್ನು ಕೊಟ್ಟಿಲ್ಲ.

ಮಾದಕ ವಸ್ತು, ಪೊಲೀಸು, ಕೋರ್ಟು ಅಂತ ಪುಟಗಟ್ಟಲೆ ಇದೆ. ಬೇಡವೆಂದರೆ ಹಾರಿಸಿ. ಆಡಿಯೊ ಬುಕ್ಕಿನಲ್ಲಿ ಹೆಚ್ಚಿನ ಭಾಗ ಓದಿರುವುದು ಬೇರೆಯವರು, ಕೀತ್ ದನಿ ಸ್ವಲ್ಪವೇ ಸಿಗುತ್ತದೆ. ಹಾಗಾಗಿ ಪೇಪರ್‌ಬ್ಯಾಕೇ ಒಳ್ಳೆಯದು.

ಈಗ ಪಾಲ್ ಪೆಟ್ಟಿಗೆ. 2021ರಲ್ಲಿ ಬಂತು. ಎರಡು ದಪ್ಪ ಸಂಪುಟ, 154 ಹಾಡು, 800ಕ್ಕೂ ಹೆಚ್ಚು ಪುಟ. ಐರಿಶ್ ಕವಿ ಪಾಲ್ ಮಲ್ಡೂನ್ ಜೊತೆ ವರ್ಷಗಟ್ಟಲೆ ಕೂತು ಆಡಿದ ಮಾತುಗಳಿಂದ ಮಾಡಿದ್ದು. ಕೈಬರಹದ ಹಾಳೆಗಳು, ಫೋಟೊಗಳು ನಿಜಕ್ಕೂ ಅಪರೂಪದವು. ಆದರೆ ಒಂದು ತೊಡಕು ನನ್ನನ್ನು ಕೊನೆಯವರೆಗೂ ಕಾಡಿತು. ಹಾಡುಗಳನ್ನು ಜೋಡಿಸಿರುವುದು ಅಕಾರಾದಿಯಾಗಿ. ಎ ಇಂದ ಕೆ ಒಂದು ಸಂಪುಟ, ಎಲ್ ಇಂದ ಝಡ್ ಇನ್ನೊಂದು.

ಕಾಲಾನುಕ್ರಮದಲ್ಲಿ ಬೇಡ ಅನ್ನುವುದು ಅವರ ಆಯ್ಕೆ, ಸರಿ. ಆದರೆ ಇದರಿಂದ ಏನಾಗುತ್ತದೆ ನೋಡಿ. ಪಾಲ್‌ಗೆ 14 ವರ್ಷವಿದ್ದಾಗ, 1956ರಲ್ಲಿ, ಅಮ್ಮ ಮೇರಿ ಕ್ಯಾನ್ಸರಿನಿಂದ ತೀರಿಕೊಂಡರು. ಸ್ವಲ್ಪ ದಿನದಲ್ಲೇ ಪಾಲ್ ಕಟ್ಟಿದ ಮೊದಲ ಹಾಡು ‘ಐ ಲಾಸ್ಟ್ ಮೈ ಲಿಟಲ್ ಗರ್ಲ್’. ಮುಂದೆ ಅದೇ ಅಮ್ಮ ಕನಸಿನಲ್ಲಿ ಬಂದು ಸಮಾಧಾನ ಹೇಳಿದ್ದರಿಂದ ‘ಲೆಟ್ ಇಟ್ ಬಿ’. ‘ಎಲಿನಾರ್ ರಿಗ್ಬಿ’ಯಲ್ಲಿ ಬಾಗಿಲ ಬಳಿ ಡಬ್ಬಿಯಲ್ಲಿ ಮುಖ ಇಟ್ಟುಕೊಂಡವಳ ಸಾಲಿದೆಯಲ್ಲ, ಅದರ ಹಿಂದೆ ಅಮ್ಮನ ಹಾಸಿಗೆ ಪಕ್ಕದಲ್ಲಿರುತ್ತಿದ್ದ ನಿವಿಯಾ ಕ್ರೀಮಿನ ಡಬ್ಬಿ. ಈ ಮೂರನ್ನೂ ಒಟ್ಟಿಗೆ ಓದಿದರೆ ಎಂಥವರಿಗೂ ಗಂಟಲು ಕಟ್ಟುತ್ತದೆ. ಪುಸ್ತಕದಲ್ಲಿ ಒಂದು ಇ ಅಕ್ಷರದಲ್ಲಿ, ಒಂದು ಐ ಅಕ್ಷರದಲ್ಲಿ, ಮತ್ತೊಂದು ಎಲ್‌ನಲ್ಲಿ, ಅಂದರೆ ಬೇರೆ ಸಂಪುಟದಲ್ಲೇ. ನಡುವೆ ಬೀಟಲ್ಸ್ ಆದಮೇಲೆ ಪಾಲ್ ಕಟ್ಟಿದ ವಿಂಗ್ಸ್ ತಂಡದ ಎಪ್ಪತ್ತರ ದಶಕದ ಹಾಡುಗಳು ಬಂದು ಎಳೆ ತಪ್ಪಿಸುತ್ತವೆ.

ನಾನು ಚೀಟಿ ಇಟ್ಟುಕೊಂಡು, ವರ್ಷದ ಪ್ರಕಾರ ಪಟ್ಟಿ ಬರೆದುಕೊಂಡು ಓದಿ ನೋಡಿದೆ. ಎರಡೂ ಸಂಪುಟ ಮೇಜಿನ ಮೇಲೆ ಹರಡಿಕೊಂಡೇ ಕೂರಬೇಕು. ರಾತ್ರಿ ಮಲಗಿಕೊಂಡು ಓದುವ ಅಭ್ಯಾಸದವರಿಗೆ ಇದು ಆಗದ ಮಾತು, ಅಷ್ಟು ಭಾರ.

ಅದೃಷ್ಟಕ್ಕೆ ಅದೇ ಮಾತುಕತೆಯ ರೆಕಾರ್ಡಿಂಗ್ 2023ರಲ್ಲಿ ‘ಎ ಲೈಫ್ ಇನ್ ಲಿರಿಕ್ಸ್’ ಎಂಬ ಪಾಡ್‌ಕಾಸ್ಟ್ ಆಗಿ ಬಂತು. ದುಡ್ಡು ಕೊಡಬೇಕಿಲ್ಲ. ಒಂದು ಕಂತಿಗೆ ಒಂದು ಹಾಡು, ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಅಮ್ಮ ಒಂದು ಮಾತನ್ನು ಠೀವಿಯಿಂದ ಉಚ್ಚರಿಸಿದ್ದಕ್ಕೆ ಹುಡುಗ ಪಾಲ್ ಅಣಕಿಸಿದ್ದರಂತೆ. ಆ ಬೇಜಾರು ‘ಯೆಸ್ಟರ್‌ಡೇ’ಯ ಒಂದು ಸಾಲಿನಲ್ಲಿ ನುಸುಳಿರಬಹುದಾ ಎಂದು ಅವರು ಈಗಲೂ ಯೋಚಿಸುತ್ತಾರೆ. ಇದನ್ನು ಆ ವಯಸ್ಸಾದ ದನಿಯಲ್ಲೇ ಕೇಳಬೇಕು. ಅಚ್ಚಿನಲ್ಲಿ ಇಷ್ಟು ತಟ್ಟುವುದಿಲ್ಲ.

ಸ್ಪ್ರಿಂಗ್‌ಸ್ಟೀನ್ ಎಂಬ ಅಮೆರಿಕದ ರಾಕ್ ಗಾಯಕರ ಆತ್ಮಕಥೆ ‘ಬಾರ್ನ್ ಟು ರನ್’ನ ಆಡಿಯೊ ಬುಕ್ ಪೂರ್ತಿ ಅವರದೇ ದನಿ. ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದರಲ್ಲಿ ಬಾಳಿನ ಕಥೆ ಜಾಸ್ತಿ, ಹಾಡಿನ ಕಥೆ ಕಡಿಮೆ.

ನಿಮ್ಮ ಮನೆಯಲ್ಲಿ ಗಿಟಾರ್ ಇದ್ದರೆ ‘ಲೈಫ್’ ಪೇಪರ್‌ಬ್ಯಾಕ್ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಜೊತೆಗೆ ಪಾಲ್ ಪಾಡ್‌ಕಾಸ್ಟನ್ನು ಅಡುಗೆ ಮಾಡುತ್ತಲೋ ವಾಕಿಂಗ್ ಹೋಗುತ್ತಲೋ ಕೇಳಿ. ಪೆಟ್ಟಿಗೆಗೆ ಹಾಕುವ ಸಾವಿರಾರು ರೂಪಾಯಿಯಲ್ಲಿ ಕಲಿಯುವವರ ಗಿಟಾರೇ ಒಂದು ಬರುತ್ತದೆ. ಬೀಟಲ್ಸ್ ಅಂದರೆ ಪ್ರಾಣ ಬಿಡುವವರಿಗೆ ಉಡುಗೊರೆ ಕೊಡುವುದಾದರೆ ಮಾತ್ರ ಪೆಟ್ಟಿಗೆ ತಗೊಳ್ಳಿ. ಆಮೇಲೆ ಒಂದು ಮಾತು: ಐದು ತಂತಿ ಶ್ರುತಿ ಪ್ರಯತ್ನಿಸುವಾಗ ಕೊನೆಯ ತೆಳು ತಂತಿಯನ್ನು ಇ ಇಂದ ಡಿಗೆ, ಐದನೆಯದನ್ನು ಎ ಇಂದ ಜಿಗೆ ಇಳಿಸಬೇಕು. ಏರಿಸಲು ಹೋಗಬೇಡಿ, ತಂತಿ ಕಿತ್ತು ಬರುತ್ತದೆ.